ಮಾಮೊರೆಯ ನೈದಿಲೆ: ಥಡೇಯುಸ್ ಹೆಂಕೆಯ ಬಾಳು

ಒಂದು ಹೂವನ್ನು ಮೊದಲು ಕಂಡವನಿಗೇ ಅದರ ಕೀರ್ತಿ ಸಲ್ಲಬೇಕೆಂಬ ನಿಯಮವಿಲ್ಲ. ಸಸ್ಯಶಾಸ್ತ್ರದ ಮನ್ನಣೆಯೆಲ್ಲ ಕಂಡುದನ್ನು ವರ್ಣಿಸಿ ಪ್ರಕಟಿಸಿದವನ ಪಾಲು. ಥಡೇಯುಸ್ ಹೆಂಕೆಯ ಬಾಳು ಇದಕ್ಕೊಂದು ನಿದರ್ಶನ.

1761ರಲ್ಲಿ ಬೊಹೀಮಿಯದ ಕ್ರೈಬಿಟ್ಸ್ ಎಂಬಲ್ಲಿ ಹುಟ್ಟಿದ ಹೆಂಕೆ ಪ್ರಾಗ್, ವಿಯೆನ್ನಾಗಳಲ್ಲಿ ಕಲಿತು, 1789ರಲ್ಲಿ ಮಾಲಸ್ಪೀನನ ನಾಯಕತ್ವದ ಸ್ಪೇನಿನ ನೌಕಾಯಾತ್ರೆಗೆ ಸಸ್ಯಶಾಸ್ತ್ರಜ್ಞನಾಗಿ ನೇಮಕಗೊಂಡನು. ಆದರೆ ಅವನು ಕಾದಿಸ್ ಬಂದರನ್ನು ಮುಟ್ಟುವಷ್ಟರಲ್ಲಿ ಹಡಗುಗಳು ಹೊರಟುಹೋಗಿದ್ದುವು. ಬೇರೊಂದು ಹಡಗನ್ನೇರಿ ಹಿಂಬಾಲಿಸಿದರೆ ಅದು ಮಾಂಟೆವಿಡಿಯೊ ಬಳಿ ಒಡೆಯಿತು. ಆತ ಎದೆಗುಂದಲಿಲ್ಲ, ವಿಶಾಲ ಹುಲ್ಲುಗಾವಲನ್ನೂ ಆಂಡೀಸ್ ಪರ್ವತಶ್ರೇಣಿಯನ್ನೂ ದಾಟಿ, ದಾರಿಯುದ್ದಕ್ಕೂ ಗಿಡಗಳನ್ನು ಸಂಗ್ರಹಿಸುತ್ತ, 1790ರಲ್ಲಿ ಚಿಲಿಯಲ್ಲಿ ತಂಡವನ್ನು ಕೂಡಿಕೊಂಡನು. ಮುಂದೆ ಸಂಗಡಿಗರು ಸ್ಪೇನಿಗೆ ಮರಳಿದರೂ ಅವನು ಮರಳಲಿಲ್ಲ. ಇಂದಿನ ಬೊಲಿವಿಯದ ಕೊಚಬಾಂಬದಲ್ಲಿ ನೆಲೆಸಿದನು.

1801ರ ಸುಮಾರಿಗೆ ಪಾದ್ರಿ ಲಾ ಕುಯೇವನೊಡನೆ ಮಾಮೊರೆ ನದಿಯಲ್ಲಿ ದೋಣಿಯಲ್ಲಿ ಸಾಗುತ್ತಿದ್ದಾಗ, ದಡದ ಜವುಗಿನ ನಿಂತ ನೀರಿನಲ್ಲಿ ಹೆಂಕೆ ಆ ದೈತ್ಯ ನೈದಿಲೆಯನ್ನು ಕಂಡನು. ಅದರ ಎಲೆ ಅಂಚು ಮೇಲೆದ್ದ ಹರಿವಾಣ; ಆಳುದ್ದಕ್ಕೂ ಮೀರಿದ ಅಗಲ; ಅಡಿಯಲ್ಲಿ ಮುಳ್ಳು ತುಂಬಿದ ದಪ್ಪ ನರಗಳು. ಹೂವು ಮೊದಲ ಸಂಜೆ ಬೆಳ್ಳಗೆ ಅರಳಿ, ಪರಿಮಳದಿಂದ ಜೀರುಂಡೆಗಳನ್ನು ಸೆಳೆದು, ಮುಚ್ಚಿಕೊಂಡು ಸೆರೆಹಿಡಿಯುತ್ತದೆ; ಮರುಸಂಜೆ ನಸುಗೆಂಪಾಗಿ ತೆರೆದು, ಪರಾಗ ಹೊತ್ತ ಅವುಗಳನ್ನು ಬಿಟ್ಟುಕೊಡುತ್ತದೆ. ಹೆಂಕೆ ಮೊಣಕಾಲೂರಿ ಸೃಷ್ಟಿಕರ್ತನನ್ನು ಕೊಂಡಾಡಿದನೆಂದು ಪಾದ್ರಿ ಮುಂದೆ ಫ್ರೆಂಚ್ ಪರಿಶೋಧಕ ದೊರ್ಬಿನ್ಯಿಗೆ ತಿಳಿಸಿದನು. ಆ ಕ್ಷಣಕ್ಕೆ ಉಳಿದ ಸಾಕ್ಷ್ಯ ಅದೊಂದೇ.

1816ರಲ್ಲಿ ಹೆಂಕೆ ಕೊಚಬಾಂಬದಲ್ಲಿ ತೀರಿಕೊಂಡನು. ಔಷಧವೆಂದು ತಪ್ಪಾಗಿ ವಿಷವನ್ನು ಕುಡಿದನೆಂದು ಹೇಳುತ್ತಾರೆ. ಅವನ ಸಂಗ್ರಹದ ಒಂದು ಭಾಗ ಪ್ರಾಗ್ ತಲುಪಿ, ಪ್ರೆಸ್ಲ್ ಎಂಬ ವಿದ್ವಾಂಸನ ಗ್ರಂಥದಲ್ಲಿ 1825ರಿಂದ ಬೆಳಕು ಕಂಡಿತು. ಆದರೆ ಆ ನೈದಿಲೆಯ ವರ್ಣನೆಯನ್ನು ಹೆಂಕೆ ಪ್ರಕಟಿಸಿರಲಿಲ್ಲ. 1832ರಲ್ಲಿ ಪೊಯಪ್ಪಿಗನೂ, 1837ರಲ್ಲಿ ಶೊಂಬುರ್ಕ್‌ ಕಳುಹಿಸಿದ ಮಾದರಿಗಳಿಂದ ಲಿಂಡ್ಲಿಯೂ ಈ ಬಗೆಯ ನೈದಿಲೆಗೆ ಶಾಸ್ತ್ರೀಯ ಹೆಸರಿಟ್ಟರು. ಕುಲದ ಹೆಸರಾಗಿ ಉಳಿದುದು ವಿಕ್ಟೋರಿಯ ರಾಣಿಯದು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2022ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ವಿದ್ವಾಂಸರು ಈ ಕುಲದ ಮೂರನೆಯ ಪ್ರಭೇದವನ್ನು ಗುರುತಿಸಿ ವಿಕ್ಟೋರಿಯ ಬೊಲಿವಿಯಾನ ಎಂದು ಕರೆದರು. ಅದರ ಎಲೆ ಮೂರು ಮೀಟರನ್ನೂ ಮೀರುತ್ತದೆ. ಅದರ ಒಣಮಾದರಿ ಕ್ಯೂ ಸಂಗ್ರಹಾಲಯದಲ್ಲಿ 177 ವರ್ಷ ಬೇರೊಂದು ಪ್ರಭೇದವೆಂದೇ ಬಿದ್ದಿತ್ತು. ಅದರ ತವರು ಮೊಹೋಸ್ ಬಯಲು. ಮಾಮೊರೆ ಹರಿಯುವುದು ಆ ಬಯಲಿನಲ್ಲಿಯೇ.

ಹೆಂಕೆ ಕಂಡುದು ಇದನ್ನೇ ಇರಬಹುದು. ಆದರೆ ಒಂದು ಒಣ ಎಲೆ, ನಾಲ್ಕು ಸಾಲಿನ ಟಿಪ್ಪಣಿ ಇಲ್ಲದೆ ಇದನ್ನು ಯಾರೂ ನಿರ್ಣಯಿಸಲಾರರು. ಭಕ್ತಿಯಿಂದ ಮಣಿದ ಮೊಣಕಾಲು ಹೂವಿಗೆ ಸಂದ ಮೊದಲ ಗೌರವ; ಅದನ್ನು ಬರೆದಿಡುವ ಕೈ ಮುಂದಿನವರಿಗೆ ಸಲ್ಲಿಸುವ ಋಣ. ಹೆಂಕೆ ಮೊದಲನೆಯದನ್ನು ತೀರಿಸಿದನು, ಎರಡನೆಯದು ಉಳಿದುಹೋಯಿತು.