ಹರ್ಡೇಕರ ಮಂಜಪ್ಪನವರು ಮತ್ತು ತುಟ್ಟಿ ಖಾದಿ

ಈಗ ಆಲಮಟ್ಟಿ ಅಂದರೆ ಎಲ್ಲರಿಗೂ ಅಣೆಕಟ್ಟು ನೆನಪಾಗುತ್ತದೆ. ಅಣೆಕಟ್ಟು ಕಟ್ಟುವುದಕ್ಕೆ ಬಹಳ ಮೊದಲೇ ಅಲ್ಲಿ ಒಬ್ಬ ದೊಡ್ಡವರು ಇದ್ದರು. ಅವರೇ ಹರ್ಡೇಕರ ಮಂಜಪ್ಪನವರು. ಅವರಿಗೆ ‘ಕರ್ನಾಟಕದ ಗಾಂಧಿ’ ಎಂದು ಹೆಸರು.

ಮಂಜಪ್ಪನವರು 1886ರಲ್ಲಿ ಬನವಾಸಿಯಲ್ಲಿ ಹುಟ್ಟಿದರು. ಬಡವರ ಮನೆ. ಓದಿ ಶಿರಸಿಯಲ್ಲಿ ಶಾಲಾ ಮಾಸ್ತರರಾದರು. 1905ರಲ್ಲಿ ಬ್ರಿಟಿಷರು ಬಂಗಾಳವನ್ನು ಒಡೆದರು. ಆಗ ಪರದೇಶಿ ಅರಿವೆ ಬೇಡ ಎಂಬ ಸ್ವದೇಶಿ ಚಳವಳಿ ಎದ್ದಿತು. ಮಂಜಪ್ಪನವರು 1906ರಲ್ಲಿ ಸರಕಾರಿ ನೌಕರಿ ಬಿಟ್ಟರು. ದಾವಣಗೆರೆಗೆ ಹೋಗಿ ‘ಧನುರ್ಧಾರಿ’ ಪತ್ರಿಕೆ ನಡೆಸಿದರು. 1913ರಲ್ಲಿ ಅಲ್ಲಿಯೇ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಬಸವಣ್ಣನವರ ಕಾಯಕ ತತ್ವ ಮತ್ತು ಗಾಂಧೀಜಿಯವರ ಚರಕ ಎರಡೂ ಅವರಿಗೆ ಪ್ರಿಯವಾದವು. 1927ರಲ್ಲಿ ನಮ್ಮ ಕೃಷ್ಣಾ ದಂಡೆಯ ಆಲಮಟ್ಟಿಗೆ ಬಂದು ಆಶ್ರಮ ಕಟ್ಟಿದರು. ಸಾಯುವ ತನಕ ಖಾದಿಯನ್ನೇ ನಂಬಿ ಬಾಳಿದರು.

ಗೆಳೆಯರೇ, ಆಗ ಗಿರಣಿ ಅರಿವೆ ನುಣುಪು, ಸೋವಿ. ಖಾದಿ ಒರಟು, ತುಟ್ಟಿ. ಆದರೂ ಜನ ಖಾದಿ ಯಾಕೆ ಕೊಂಡರು? ನಮ್ಮ ಹತ್ತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಅರಿವೆಯಾಗಿ ತಿರುಗಿ ಬರುತ್ತಿತ್ತು. ಇಲ್ಲಿ ನೂಲುವವರು, ನೇಯುವವರು ಕೆಲಸವಿಲ್ಲದೆ ಕೂತಿದ್ದರು. ಇದು ನ್ಯಾಯವಲ್ಲ ಎಂದು ಜನರಿಗೆ ಅನಿಸಿತು. ಅದಕ್ಕೇ ಕಿಸೆಯಿಂದ ಹೆಚ್ಚು ರೊಕ್ಕ ಹೋದರೂ ಖಾದಿ ತೊಟ್ಟರು.

ಆದರೆ ಖಾದಿಯಲ್ಲೂ ಒಂದು ಕೊರತೆ ಇತ್ತು. ದಿನವೆಲ್ಲಾ ನೂತರೂ ಹೆಣ್ಣುಮಕ್ಕಳಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಗುತ್ತಿರಲಿಲ್ಲ. 1935ರಲ್ಲಿ ಗಾಂಧೀಜಿ ಅವರ ಕೂಲಿ ಏರಿಸಲೇಬೇಕು ಎಂದು ಹಟ ಹಿಡಿದರು. ಬೆಲೆ ಏರಿದರೆ ಯಾರು ಕೊಳ್ಳುತ್ತಾರೆ ಎಂದು ಕೆಲವರು ಹೆದರಿದರು. ಆದರೂ ಅಖಿಲ ಭಾರತ ಚರಕಾ ಸಂಘವು ಕೂಲಿ ಏರಿಸಿತು. ದುಡಿದವರಿಗೆ ಅನ್ನ ಸಿಗದ ಸೋವಿ ಬೆಲೆ ನಿಜವಾದ ಬೆಲೆಯಲ್ಲ ಎಂಬುದು ಇದರ ಅರ್ಥ.

ಮಂಜಪ್ಪನವರು 1947ರ ಜನವರಿಯಲ್ಲಿ ತೀರಿಕೊಂಡರು. ಇನ್ನು ಏಳೇ ತಿಂಗಳು ಬದುಕಿದ್ದರೆ ಸ್ವಾತಂತ್ರ್ಯ ನೋಡುತ್ತಿದ್ದರು.

ಬಡವರಿಗೆ ಒಂದೊಂದು ರೂಪಾಯಿಯೂ ದೊಡ್ಡದು, ನಿಜ. ಎಲ್ಲದಕ್ಕೂ ಹೆಚ್ಚು ಕೊಡಲು ಆಗುವುದಿಲ್ಲ. ಆದರೆ ಸಂತೆಯಲ್ಲಿ ಗಡಿಗೆ ಮಾರುವ ಅಜ್ಜಿಯ ಹತ್ತಿರ ಚೌಕಾಸಿ ಮಾಡುವಾಗ, ಅದನ್ನು ಮಾಡಲು ಎಷ್ಟು ದಿನ ಹಿಡಿದಿರಬಹುದು ಎಂದು ಒಮ್ಮೆ ಯೋಚಿಸೋಣ. ಆಮೇಲೆ ಬೆಲೆ ಕೇಳೋಣ.

— 7ನೇ ತರಗತಿ, ದೇವಾಪುರ