ಮಾರ್ಕ್ ಟ್ವೇನನ ಆತ್ಮಕಥೆ

ವಿನೋದ ಕಾದಂಬರಿಗಳಿಂದ ಜಗತ್ತನ್ನೇ ನಗಿಸಿದ ಅಮೆರಿಕದ ಮಾರ್ಕ್ ಟ್ವೇನನು 1835ರಲ್ಲಿ ಜನಿಸಿದನು. ಅವನ ನಿಜನಾಮ ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಎಪ್ಪತ್ತು ತುಂಬಿದ ಮೇಲೆ, 1906ರಲ್ಲಿ, ಅವನು ದಿನದಿನವೂ ಆತ್ಮಕಥೆಯನ್ನು ಹೇಳಿ ಬರೆಯಿಸತೊಡಗಿದನು. ಹುಟ್ಟಿನಿಂದ ಮೊದಲುಮಾಡಿ ಕ್ರಮವಾಗಿ ಹೇಳುವುದು ಅವನಿಗೆ ಒಗ್ಗಲಿಲ್ಲ. ಅಂದು ಮನಸ್ಸಿಗೆ ಬಂದುದನ್ನು ಹೇಳುವನು. ಬೇಸರವಾದೊಡನೆ ಬೇರೊಂದಕ್ಕೆ ಹೊರಳುವನು. ಗೋರಿಯಿಂದ ನುಡಿಯುವವನು ಮಾತ್ರವೇ ನಿರ್ಭಯವಾಗಿ ಸತ್ಯ ಹೇಳಬಲ್ಲನೆಂದು ನಂಬಿ, ಬಹುಭಾಗವನ್ನು ಮರಣಾನಂತರಕ್ಕೆ ಕಾದಿರಿಸಿದನು. ಅದರ ಸಮಗ್ರರೂಪವು 2010ರಿಂದ 2015ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು.

ಹಿರಿಯ ಮಗಳು ಸೂಸಿ ಹದಿಮೂರನೆಯ ವಯಸ್ಸಿನಲ್ಲಿ ತಂದೆಯ ಜೀವನಚರಿತ್ರೆಯನ್ನು ಗುಟ್ಟಾಗಿ ಬರೆಯಲಾರಂಭಿಸಿದ್ದಳು. ಪ್ರಕಾಶನದ ವ್ಯವಹಾರ ಮುರಿದುಬಿದ್ದು, ಸಾಲ ತೀರಿಸಲೆಂದು ಟ್ವೇನನು ಭಾರತವೂ ಸೇರಿದಂತೆ ನಾನಾ ದೇಶಗಳಲ್ಲಿ ಉಪನ್ಯಾಸಗಳನ್ನು ನೀಡಿ 1896ರಲ್ಲಿ ಇಂಗ್ಲೆಂಡನ್ನು ತಲುಪಿದ್ದನು. ಆಗಲೇ ತಾಯ್ನಾಡಿನಲ್ಲಿ ಸೂಸಿ ತೀರಿಕೊಂಡಳು. ಹತ್ತು ವರ್ಷಗಳ ತರುವಾಯ ಅವಳ ಬರಹದ ಭಾಗಗಳನ್ನು ಅವನು ಆತ್ಮಕಥೆಯೊಳಗೆ ಸೇರಿಸಿದನು. ಕಾಗುಣಿತದ ತಪ್ಪುಗಳನ್ನು ತಿದ್ದಲಿಲ್ಲ. ಆ ತಪ್ಪುಗಳಲ್ಲಿಯೇ ಅವನಿಗೆ ಮಗಳ ದನಿ ಕೇಳಿಸುತ್ತಿದ್ದಿರಬೇಕು.

1909ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಕಿರಿಯ ಮಗಳು ಜೀನ್ ಹಠಾತ್ತನೆ ಮೃತಳಾದಳು. ಅವಳ ದೇಹವಿನ್ನೂ ಮನೆಯಲ್ಲಿರುವಾಗಲೇ ಟ್ವೇನನು ಅವಳನ್ನು ಕುರಿತು ಬರೆಯತೊಡಗಿದನು. ಆತ್ಮಕಥೆಗೆ ಅದೇ ಕೊನೆಯ ಅಧ್ಯಾಯವೆಂದು ನಿಶ್ಚಯಿಸಿದನು. 1910ರ ಏಪ್ರಿಲ್ 21ರಂದು ಅವನೂ ಕಣ್ಣುಮುಚ್ಚಿದನು.