ಎದೆಯ ದನಿಗೆ ಕಿವಿಗೊಟ್ಟ ವೈದ್ಯ

ಮಕ್ಕಳೇ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಅಟ್ಟದ ಮೇಲೆ ಕೂಡಿಟ್ಟ ತೆಂಗಿನಕಾಯಿಯನ್ನು ದೊಡ್ಡವರು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ನೀರು ಕುಲುಕಿದರೆ ಕಾಯಿ ಇನ್ನೂ ಒಣಗಿಲ್ಲ. ಒಳಗಿನ ಉಂಡೆ ಲೊಡಲೊಡ ಎಂದರೆ ಕೊಬ್ಬರಿಯಾಗಿದೆ. ಒಡೆಯದೆಯೇ ಒಳಗಿನ ಸ್ಥಿತಿ ತಿಳಿಯುತ್ತದೆ! ಮನುಷ್ಯನ ಎದೆಯೊಳಗಿನ ಸ್ಥಿತಿಯನ್ನೂ ಹೀಗೆ ದನಿಯಿಂದ ತಿಳಿಯಲು ದಾರಿ ತೋರಿದವರು ಫ್ರಾನ್ಸ್ ದೇಶದ ವೈದ್ಯ ರೆನೆ ಲೇನೆಕ್.

ಲೇನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಕ್ಯಾಂಪೇರ್ ಎಂಬ ಊರಿನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ನಾಂತ್ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪ ಅವರನ್ನು ಸಾಕಿದರು. ಲೇನೆಕ್ ಪ್ಯಾರಿಸ್‌ನಲ್ಲಿ ಓದಿ 1804ರಲ್ಲಿ ವೈದ್ಯರಾದರು. ಕೊಳಲು ನುಡಿಸುವುದು ಅವರಿಗೆ ಇಷ್ಟ.

ಆಗ ವೈದ್ಯರು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ದನಿ ಕೇಳುತ್ತಿದ್ದರು, ಇಲ್ಲವೇ ನೇರವಾಗಿ ಕಿವಿಯಿಡುತ್ತಿದ್ದರು. 1816ರಲ್ಲಿ ಹೃದಯದ ತೊಂದರೆಯಿದ್ದ ಯುವತಿಯೊಬ್ಬಳು ಲೇನೆಕ್ ಬಳಿಗೆ ಬಂದಳು. ಆಕೆಯ ಮೈ ತುಂಬಿಕೊಂಡಿದ್ದುದರಿಂದ ತಟ್ಟಿದರೆ ಏನೂ ತಿಳಿಯಲಿಲ್ಲ. ಕಿವಿಯಿಡಲು ಸಂಕೋಚ. ಏನು ಮಾಡುವುದು? ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಯಲ್ಲಿ ಕೇಳಿಸುವುದು ಅವರಿಗೆ ನೆನಪಾಯಿತು. ಕಾಗದವನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟರು. ಹೃದಯದ ಬಡಿತ ಹಿಂದೆಂದಿಗಿಂತ ಸ್ಪಷ್ಟವಾಗಿ ಕೇಳಿಸಿತು!

ಲೇನೆಕ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಗಾಜು, ಲೋಹ, ಮರ ಎಲ್ಲದರಲ್ಲೂ ಪ್ರಯತ್ನಿಸಿದರು. ಹಗುರವಾದ ಮರದ ಟೊಳ್ಳು ಕೊಳವೆ ಚೆನ್ನಾಗಿ ಕೆಲಸ ಮಾಡಿತು. ಸುಮಾರು ಒಂದು ಅಡಿ ಉದ್ದದ ಕೊಳವೆಗಳನ್ನು ತಾವೇ ಕಡೆದರು. ಇದೇ ಮೊದಲ ಸ್ಟೆತೊಸ್ಕೋಪ್.

ದನಿ ಕೇಳಿದರೆ ಸಾಲದು, ಅದರ ಅರ್ಥ ತಿಳಿಯಬೇಕಲ್ಲವೇ? ನೆಕೆರ್ ಆಸ್ಪತ್ರೆಯ ರೋಗಿಗಳ ಎದೆಯ ದನಿಗಳನ್ನು ಲೇನೆಕ್ ಬರೆದಿಟ್ಟರು. ಉರಿಯೂತವಾದ ಶ್ವಾಸಕೋಶದ ದನಿ, ಬಿಸಿ ಬಾಣಲೆಯಲ್ಲಿ ಉಪ್ಪು ಸಿಡಿಯುವ ಚಿಟಚಿಟ ಸದ್ದಿನಂತಿತ್ತು. ತೀರಿಕೊಂಡವರ ದೇಹವನ್ನು ಪರೀಕ್ಷಿಸಿ, ತಮ್ಮ ಊಹೆ ಸರಿಯೇ ಎಂದು ತಾಳೆ ನೋಡಿದರು. 1819ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು.

ಕ್ಷಯರೋಗದ ದನಿಗಳನ್ನು ಜಗತ್ತಿಗೆ ತಿಳಿಸಿದ ಅವರನ್ನೇ ಕ್ಷಯ ಹಿಡಿಯಿತು. ಅವರ ಸೋದರ ಸಂಬಂಧಿಯಾದ ಯುವ ವೈದ್ಯ ಮೇರಿಯಾದೆಕ್ ಅದೇ ಕೊಳವೆಯಿಂದ ಅವರ ಎದೆಯನ್ನು ಕೇಳಿ ಹೇಳಿದಾಗ, ಅದರ ಅರ್ಥ ಲೇನೆಕ್‌ಗೆ ಚೆನ್ನಾಗಿ ಗೊತ್ತಿತ್ತು. ಆಗ ಅದಕ್ಕೆ ಮದ್ದಿರಲಿಲ್ಲ. 1826ರ ಆಗಸ್ಟ್ 13ರಂದು, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಕ್ಷಯಕ್ಕೆ ಔಷಧವಿದೆ. ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ತೆಗೆದುಕೊಂಡರೆ ವಾಸಿಯಾಗುತ್ತದೆ.

ಇಂದು ವೈದ್ಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಈ ದನಿಗಳನ್ನು ಮ್ಯಾನಿಕಿನ್ ಎಂಬ ಆಳೆತ್ತರದ ಗೊಂಬೆಯ ಮೇಲೂ ಕಲಿಯುತ್ತಾರೆ. ಅದರ ಎದೆಯೊಳಗೆ ಪುಟ್ಟ ಸ್ಪೀಕರ್‌ಗಳಿರುತ್ತವೆ. ಗೊಂಬೆಯ ದನಿ ಕೇಳಿಸದಿದ್ದರೆ? ಆಗಲೂ ಲೇನೆಕ್‌ರ ಹಾಗೆ ಒಂದೊಂದಾಗಿ ತಾಳೆ ನೋಡಬೇಕು. ಮೊದಲು ಸ್ಟೆತೊಸ್ಕೋಪನ್ನು ತಮ್ಮ ಎದೆಗೇ ಇಟ್ಟುಕೊಳ್ಳಬೇಕು. ಬಡಿತ ಕೇಳಿಸಿದರೆ ಸ್ಟೆತೊಸ್ಕೋಪ್ ಸರಿಯಿದೆ. ಬಳಿಕ ಅದನ್ನು ಸ್ಪೀಕರ್ ಇರುವ ಜಾಗದಲ್ಲೇ ಇಟ್ಟಿದ್ದೇವೆಯೇ, ದನಿಯ ಮಟ್ಟ ತಗ್ಗಿದೆಯೇ, ಬ್ಯಾಟರಿ ಮುಗಿದಿದೆಯೇ, ತಂತಿ ಸಡಿಲವಾಗಿದೆಯೇ ಎಂದು ನೋಡಬೇಕು. ಸರಸರ ಸದ್ದು ಬಂದರೆ ಬಟ್ಟೆ ಉಜ್ಜುತ್ತಿರಬಹುದು. ಅದನ್ನು ರೋಗದ ದನಿ ಎಂದು ಕಲಿತರೆ ಮುಂದೆ ನಿಜವಾದ ರೋಗಿಗೆ ತೊಂದರೆ.

ನೀವೇ ಮಾಡಿ ನೋಡಿ: ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಕೊಳವೆಯಂತೆ ಸುತ್ತಿ ದಾರ ಕಟ್ಟಿ. ಗೆಳೆಯನ ಎದೆಯ ಎಡಭಾಗಕ್ಕೆ ಒಂದು ತುದಿ, ನಿಮ್ಮ ಕಿವಿಗೆ ಇನ್ನೊಂದು ತುದಿ ಇಡಿ. ಅರ್ಧ ನಿಮಿಷದ ಬಡಿತ ಎಣಿಸಿ. ಆತ ಆಟದ ಬಯಲನ್ನು ಒಂದು ಸುತ್ತು ಓಡಿ ಬಂದ ಮೇಲೆ ಮತ್ತೆ ಎಣಿಸಿ. ಏನು ವ್ಯತ್ಯಾಸ? ದನಿ ಕೇಳಿಸದಿದ್ದರೆ ಏಕೆ ಎಂದು ನೀವೇ ಹುಡುಕಿ!